ಎಂಟನೆಯ ವಾಚು

ನನ್ನ ಪಾಲಿಗೆ ಬಂದದ್ದು ಎಂಟನೆಯ ಸ್ಥಾನ.
ಓಡಲಿಕ್ಕಲ್ಲ, ಗುಂಡಿ ಒತ್ತಲಿಕ್ಕೆ.
ಒಂದನೆಯದು ಚೌಡರೆಡ್ಡಿ ಮಾಸ್ತರಿಗೆ, ಸೀನಿಯರು;
ಎರಡು ಮೂರು ನಾಲ್ಕು ಅವರವರ ಸರ್ವೀಸಿನಂತೆ ಇಳಿದು
ಮೆಟ್ಟಿಲ ಸ್ಟ್ಯಾಂಡಿನ ತೀರ ಕೆಳಗೆ ನಾನು,
ಬಾಗೇಪಲ್ಲಿ ಕಡೆಯ ಡ್ರಿಲ್ ಮೇಷ್ಟ್ರು.
ಕೊರಳಲ್ಲೊಂದು ದಾರ, ದಾರಕ್ಕೊಂದು ವಾಚು.
ಕೊನೆಗೆ ಬರುವವಳಿಗೂ ಒಂದು ಹೊತ್ತು ಅಂತ ಇರಬೇಕಲ್ಲ,
ಅದನ್ನು ಹಿಡಿಯುವ ಕೆಲಸ.

ಚಿಕ್ಕಬಳ್ಳಾಪುರದಲ್ಲಿ ರಾಜ್ಯಮಟ್ಟದ ಕೂಟ.
ನಂದಿಯ ನೆತ್ತಿ ಇನ್ನೂ ಮಂಜಿನ ಟವೆಲು ಬಿಚ್ಚಿರಲಿಲ್ಲ.
ಬೆಳಿಗ್ಗೆ ಎಳೆದ ಸುಣ್ಣದ ಗೆರೆ
ಜಾವೆಲಿನ್ ಹುಡುಗರ ಕಾಲಿಗೆ ಸಿಕ್ಕಿ ಅಲ್ಲಲ್ಲಿ ಮಾಸಿತ್ತು.
ಹುಡುಗಿಯರ ಎಂಟುನೂರು ಮೀಟರು, ಫೈನಲ್.
ನನ್ನವಳು ಯಾರೆಂದು ಆಗಲೇ ಆರಿಸಿಟ್ಟುಕೊಂಡಿದ್ದೆ:
ಎದೆಯ ಮೇಲೆ ನಲವತ್ತೇಳು, ಶಿಡ್ಲಘಟ್ಟದ ಗುಲ್ನಾರ್,
ಪಟ್ಟಿಯಲ್ಲಿ ‘ಗುಲ್ಬಾರ್’ ಎಂದು ಟೈಪಾದವಳು.

ಸ್ಪೈಕ್ಸ್ ಪರೀಕ್ಷಿಸುವಾಗ ನೋಡಿದ್ದೆ,
ಯಾರದೋ ಶೂ, ಒಂದು ಸೈಜು ದೊಡ್ಡದು,
ತುದಿಗೆ ತುರುಕಿದ್ದಳು ಗೂಡಿನ ಮೇಲಿಂದ ಬಿಡಿಸಿದ ರೇಷ್ಮೆಯ ಜುಂಗು.
ಕೈಬೆರಳು ಬಿಸಿನೀರಲ್ಲಿ ನೆಂದು ನೆಂದು ಬೆಳ್ಳಗೆ ಸುಕ್ಕು.
‘ಸಾರ್, ಒಂದು ಗೂಡು ಬಿಚ್ಚಿದ್ರೆ ಹೆಚ್ಚುಕಮ್ಮಿ ಇಷ್ಟೇ ದೂರ.
ಎಂಟುನೂರು ಮೀಟರು, ಒಂದೇ ಎಳೆ.’
ನಡುವೆ ಹರಿದರೆ? ಎಂದೆ, ತಮಾಷೆಗೆ.
‘ತುದಿ ಹುಡುಕಬೇಕು ಸಾರ್. ನೀರಲ್ಲೇ ಇರತ್ತೆ, ಎಲ್ಲೋ.’

ಢಂ.
ಮೊದಲ ಸುತ್ತು ಮೂಡಬಿದಿರೆಯ ಹುಡುಗಿಯದು,
ಅವಳ ಹಿಂದೆ ಧಾರವಾಡ, ಹಾಸನ,
ಹಾಸ್ಟೆಲಿನ ಹಾಲುಮೊಟ್ಟೆಯ ಕಾಲುಗಳು.
ಗಂಟೆ ಬಾರಿಸಿದರು, ರೈಲುಕಂಬಿಯ ತುಂಡು.
ನಲವತ್ತೇಳು ಎಲ್ಲರಿಗಿಂತ ಹಿಂದೆ,
ಹದಿನೈದು ಹೆಜ್ಜೆ, ಇಪ್ಪತ್ತೂ ಇರಬಹುದು.
ಗುಂಡಿಯ ಮೇಲಿದ್ದ ನನ್ನ ಹೆಬ್ಬೆರಳಿಗೆ ತೂಕಡಿಕೆ.

ಆಚೆ ಬದಿಯಲ್ಲಿ ಪೋಲ್‌ವಾಲ್ಟಿನ ಹಾಸಿಗೆಗಳ ರಾಶಿ.
ಅದರ ಮರೆಗೆ ಹೋದಾಗ ಎಂಟನೆಯವಳು,
ಈಚೆ ಬಂದಾಗ ಐದನೆಯವಳು.
ನಡುವೆ ಏನಾಯಿತೋ ಹಾಸಿಗೆಗೆ ಗೊತ್ತು.

ಬೆಟ್ಟದ ಕಡೆಯಿಂದ ಎದುರುಗಾಳಿ.
ಮುಂದಿದ್ದವರು ಅದಕ್ಕೆ ಸುಂಕ ಕಟ್ಟಿದರು,
ಇವಳು ಬೆನ್ನಿಂದ ಬೆನ್ನಿಗೆ ಜಾರುತ್ತ ಪುಕ್ಕಟೆ ದಾಟಿದಳು.
ಕಾಂಪೌಂಡಿನ ಮೇಲೆ ಕೂತ ಜನಕ್ಕೆ ತಲೆ ಕೆಟ್ಟಿತು:
ಉರುಕೇ ಉರುಕೇ, ಓಡೇ ತಾಯಿ, ಭಾಗ್ ಬೇಟಿ ಭಾಗ್,
ಒಂದೇ ಗಂಟಲಲ್ಲಿ ಮೂರೂ ಭಾಷೆ.
ಕೊನೆಯ ತಿರುವಿನಲ್ಲಿ ಧಾರವಾಡ ಚೂರು ಹೊರಗೆ ವಾಲಿತು,
ಒಳಗೆ ಒಂದು ಮೊಳ ಸಂದು.
ಸಿಕ್ಕಿತು ತುದಿ.

ಆಮೇಲಿನದು ನನಗೆ ಸದ್ದಿಲ್ಲದೆ ನೆನಪಿದೆ.
ಸಡಿಲ ಶೂಗಳು ಪಟಪಟ ಬಡಿದಿರಬೇಕು, ಕೇಳಿಸಲಿಲ್ಲ.
ಎದೆ ಮುಂದೆ ಚಾಚಿ ಗೆರೆ ದಾಟಿದವಳೇ
ಸುಣ್ಣದ ಮೇಲೆ ಮುಗ್ಗರಿಸಿದಳು.
ನಾನು ಒತ್ತಿಬಿಟ್ಟಿದ್ದೆ.

ಚೌಡರೆಡ್ಡಿಯವರ ಕಣ್ಣು ಮೂಡಬಿದಿರೆಯ ಮೇಲೆಯೇ ನೆಟ್ಟಿತ್ತಂತೆ,
ಅವರ ವಾಚಿನಲ್ಲಿದ್ದದ್ದು ಎರಡನೆಯವಳ ಹೊತ್ತು.
ಚೀಫು ನನ್ನ ಕೊರಳ ದಾರವನ್ನೇ ಎಳೆದು ಬಗ್ಗಿ ಓದಿದರು:
ಎರಡು ನಿಮಿಷ ಹದಿನಾರು, ಚಿಲ್ಲರೆ ನಾಲ್ಕು.
ಅದನ್ನೇ ಬರೆದರು, ಒಂದು ಎಂಬ ಅಂಕಿಯ ಎದುರು.
‘ಸರಿ, ನಿಮ್ಮ ಎಂಟನೆಯದು?’
ನೋಡಲಿಲ್ಲ ಸಾರ್.
ಪೆನ್ನು ಒಂದು ಗಳಿಗೆ ನಿಂತು, ಗೀಟು ಎಳೆಯಿತು.

ಗುಲ್ನಾರಳನ್ನು ಯಾರೋ ಹೆಗಲಿಗೇರಿಸಿದ್ದರು.
ಒಂದು ಶೂ ಕಳಚಿ, ಜುಂಗು ಗಾಳಿಗೆ ಹಾರುತ್ತಿತ್ತು.

ಆಗ ಬಂದಳು, ಸೊಂಟಕ್ಕೆ ಕೈಯೂರಿ, ಏದುಸಿರು ಬಿಡುತ್ತ,
ಸುರಪುರದ ದೇವಕೆಮ್ಮ.
‘ಸರ್ರ, ನನ್ನ ಟೈಮ್ ಎಷ್ಟಾತ್ರಿ?
ಊರಾಗ ಕೇಳ್ತಾರ.’
ವಾಚು ನೋಡಿದ ಹಾಗೆ ಮಾಡಿದೆ.
ಎರಡು ಮೂವತ್ತೊಂದು, ಎಂದೆ.
ಯಾಕೆ ಮೂವತ್ತೊಂದೋ.
‘ಹೋದ ಸಲಕ್ಕಿಂತ ಎರಡ್ ಸೆಕೆಂಡ್ ಕಡಿಮಿ!’
ಅಂಗೈ ಮೇಲೆ ಬೆರಳಲ್ಲಿ ಬರೆದುಕೊಂಡು ಹೋದಳು.

ಹುಡುಗರ ಸಾವಿರದೈನೂರಕ್ಕೆ ಕರೆ ಬಂತು.
ವಾಚನ್ನು ಸೊನ್ನೆಗೆ ತಂದೆ.